ಮಾಗಡಿಯ ಕೆರೆಯೂ ಹಂಸಗಳ ಹಾದಿಯೂ



ಮಾಗಡಿ ಎಂದೊಡನೆ ಅನೇಕರ ನೆನಪಿಗೆ ಬರುವುದು ಬೆಂಗಳೂರಿನ ಪಶ್ಚಿಮಕ್ಕಿರುವ, ಕೆಂಪೇಗೌಡರ ವಂಶದವರು ಆಳಿದ ಊರು. ಇಲ್ಲಿ ಹೇಳಹೊರಟಿರುವುದು ಆ ಮಾಗಡಿಯನ್ನಲ್ಲ. ಇದು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿ. ಗದಗದಿಂದ ಸುಮಾರು 26 ಕಿ.ಮೀ., ಲಕ್ಷ್ಮೇಶ್ವರದಿಂದ ಹತ್ತು ಹನ್ನೊಂದು ಕಿ.ಮೀ. ದೂರದಲ್ಲಿದೆ. ಊರ ಮಗ್ಗುಲಲ್ಲಿ ಒಂದು ಕೆರೆ. ಅದರ ವಿಸ್ತಾರ 50 ಹೆಕ್ಟೇರಿನ ಆಸುಪಾಸು. ಚನ್ನಗಿರಿಯ ಸೂಳೆಕೆರೆಯನ್ನು ಕಂಡವರಿಗೆ ಇದು ಒಂದು ಬೊಗಸೆ ನೀರೆನಿಸೀತು. ಮಳೆಯ ನೀರನ್ನು ಹಿಡಿದಿಟ್ಟು ಹೊಲಗಳಿಗೆ ಹಾಯಿಸುವುದಕ್ಕಾಗಿ ಮನುಷ್ಯರೇ ಕಟ್ಟಿದ ಕೆರೆಯಿದು. ಇಂಥವು ನಮ್ಮ ನಾಡಿನಲ್ಲಿ ಸಹಸ್ರಾರು ಇವೆ. ಆದರೆ 2024ರ ಜನವರಿ 31ರಂದು ಈ ಹಳ್ಳಿಯ ಕೆರೆಯು ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಯಲ್ಲಿ ಸೇರಿದುದು ಪ್ರಕಟವಾಯಿತು. ಊರವರು ತಮ್ಮ ಅನ್ನಕ್ಕಾಗಿ ಕಟ್ಟಿಕೊಂಡ ನೀರು ಲೋಕದ ಲೆಕ್ಕಕ್ಕೆ ಹೇಗೆ ಬಂದಿತು, ಅದಕ್ಕೆ ಊರವರು ತೆತ್ತದ್ದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ಮಾತು. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಪುಲಿ ಎಂದರೆ ಹುಲಿ. ‘ಪುಲಿ’ ಎಂಬುದರ ಮುಂದೆ ‘ಕೆರೆ’ ಬಂದಾಗ ಕಕಾರಕ್ಕೆ ಗಕಾರವು ಆದೇಶವಾಗಿ ಪುಲಿಗೆರೆಯಾಯಿತು. ಹಳಗನ್ನಡದಲ್ಲಿ ಕೆರೆಯನ್ನು ಶಕಟರೇಫದಿಂದ ‘ಕೆಱೆ’ ಎಂದೇ ಬರೆಯುತ್ತಿದ್ದರು. ಒಂದು ಸೀಮೆಯ ರಾಜಧಾನಿಯೇ ಕೆರೆಯ ಹೆಸರನ್ನು ಹೊತ್ತಿತ್ತೆಂಬುದು ಇಲ್ಲಿ ಗಮನಾರ್ಹ. ಪುಲಿಗೆರೆ ಮುನ್ನೂರು, ಅದರ ನೆರೆಯ ಬೆಳ್ವೊಲ ಮುನ್ನೂರು ಎಂಬ ಎರಡು ನಾಡುಗಳನ್ನು ಶಾಸನಗಳು ಮತ್ತೆ ಮತ್ತೆ ಹೆಸರಿಸುತ್ತವೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಯಾವ ಊರುಗಳ ನಡುವೆ ಇದೆಯೆಂದು ಹೇಳುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಪುಲಿಗೆರೆಯನ್ನು ಎಣಿಸುತ್ತದೆ. 941ರಲ್ಲಿ ತನ್ನ ಭಾರತವನ್ನು ಮುಗಿಸಿದ ಪಂಪನೂ ತನ್ನ ಕನ್ನಡ ಪುಲಿಗೆರೆಯ ತಿರುಳ್ಗನ್ನಡವೆಂದೇ ಹೇಳಿಕೊಂಡನು. ನಮಗೆ ಇನ್ನೊಂದು ನಂಟೂ ಉಂಟು. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದ ಆದಯ್ಯನು ನೆಲೆ ನಿಂತು ಶರಣನೆನಿಸಿದುದು ಈ ಪುಲಿಗೆರೆಯಲ್ಲಿ. ಅವನ ಕಥೆಯನ್ನೇ ರಾಘವಾಂಕನು ಸೋಮನಾಥಚಾರಿತ್ರವಾಗಿ ಬರೆದನು. ದೂರದಿಂದ ಬಂದವನ ಹೆಸರು ಊರಿನ ಹೆಸರಿಗೆ ಅಂಟಿಕೊಂಡು ‘ಪುಲಿಗೆರೆಯ ಆದಯ್ಯ’ ಎಂದೇ ಆಗಿಹೋದುದನ್ನು ಇಲ್ಲಿ ಸುಮ್ಮನೆ ನೆನಪಿಟ್ಟುಕೊಂಡಿರೋಣ.

ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಚೀಚೆ. ಅದೂ ನೆಚ್ಚಿಕೊಳ್ಳುವಂಥದಲ್ಲ. ಹೆಚ್ಚಿನ ಭಾಗ ಕಪ್ಪು ಎರೆನೆಲ. ಜೋಳ, ಹತ್ತಿ, ಶೇಂಗಾ, ಹೆಸರು, ಕಡಲೆ ಇಲ್ಲಿಯ ಬೆಳೆಗಳು. ಎರಡು ಮೂರು ದೊಡ್ಡ ಮಳೆಗಳಲ್ಲಿ ಹಳ್ಳದ ಪಾಲಾಗಿ ಹೋಗುವ ನೀರನ್ನು ಅಡ್ಡಗಟ್ಟಿ ನಿಲ್ಲಿಸಿಕೊಳ್ಳದೆ ಇಂಥಲ್ಲಿ ಊರು ಬಾಳಲಾರದು. ಆದುದರಿಂದ ಕೆರೆಯೆಂಬುದು ಸೊಬಗಿಗಾಗಿ ಹುಟ್ಟಿದ್ದಲ್ಲ. ಕೆರೆಯ ಅಂಗಾಂಗಗಳ ಹೆಸರುಗಳಲ್ಲೇ ಈ ನಾಡಿನ ಅನುಭವ ಅಡಗಿದೆ. ನೀರನ್ನು ತಡೆದು ನಿಲ್ಲುವ ಮಣ್ಣಿನ ಒಡ್ಡು ಏರಿ. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆಯೇ. ನಾವು ಒಡ್ಡಿಗೆ ಇಟ್ಟ ಹೆಸರನ್ನು ಅವರು ನೀರಿಗೇ ಇಟ್ಟರು. ಬೇಕಾದಷ್ಟು ನೀರನ್ನು ಹೊಲಗಳತ್ತ ಬಿಡುವ ಬಾಗಿಲು ತೂಬು. ತುಂಬಿ ಮಿಕ್ಕ ನೀರು ಏರಿಯನ್ನು ಒಡೆಯದಂತೆ ಹೊರಹೋಗುವ ಹಾದಿ ಕೋಡಿ. ಕೆರೆ ಕೋಡಿ ಬಿದ್ದಿತೆಂದರೆ ಹಳ್ಳಿಗರು ಬಾಗಿನ ಅರ್ಪಿಸಲು ಹೊರಡುವುದನ್ನು ಇಂದಿಗೂ ಕಾಣುತ್ತೇವೆ.

ಕೆರೆಯನ್ನು ಕಟ್ಟುವುದು ಒಮ್ಮೆಯ ಕೆಲಸ, ಕಾಯುವುದು ತಲೆಮಾರುಗಳ ಕೆಲಸ. ಆದುದರಿಂದಲೇ ಕೆರೆ ಕಟ್ಟಿದವನಿಗೂ ಕೆರೆಯನ್ನು ನೋಡಿಕೊಳ್ಳುವವನಿಗೂ ಭೂಮಿ ಬಿಟ್ಟುಕೊಡುವ ‘ಕೆರೆಗೊಡಗೆ’ ಎಂಬ ಪದ್ಧತಿ ಕನ್ನಡ ಶಾಸನಗಳಲ್ಲಿ ಎಲ್ಲೆಡೆ ಕಂಡುಬರುತ್ತದೆ. ಹೂಳನ್ನು ಹೊರಹಾಕುವ ಬಂಡಿಗಳಿಗೆಂದು ದತ್ತಿ ಬಿಟ್ಟದ್ದೂ ಉಂಟು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಇಂದಿನ ಆಂಧ್ರಪ್ರದೇಶದ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಹಾಕಿಸಿದ ಸಂಸ್ಕೃತ ಶಾಸನವು ಒಂದು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ, ಸವಳು ನೆಲ ಇನ್ನೊಂದು, ನೀರು ಅಲ್ಪವಾಗಿ ಉಣಿಸಬೇಕಾದ ಹೊಲ ಹೆಚ್ಚಾಗಿರುವುದು ಮತ್ತೊಂದು. ಕೆರೆಯ ನಡುವೆ ಆಮೆಯ ಬೆನ್ನಿನಂತೆ ದಿಬ್ಬ ಎದ್ದಿರುವುದೂ ಅಲ್ಲಿ ದೋಷವೇ. ನೀರಿನ ಲೆಕ್ಕ ಹಾಕುವ ರೈತನಿಗೆ ಅದು ಸರಿಯಾದ ಮಾತು, ದಿಬ್ಬವಿದ್ದಷ್ಟು ನೀರು ಕಡಿಮೆ. ಆದರೆ ನಾಯಿ ನರಿಗಳ ಕೈಗೆ ಸಿಗದೆ ನಡುನೀರಿನಲ್ಲಿ ಬಿಸಿಲು ಕಾಯುವ ಹಕ್ಕಿಗೆ ಅದೇ ದಿಬ್ಬ ಮನೆಯಂಗಳ. ಮನುಷ್ಯನ ದೋಷದ ಪಟ್ಟಿಯೂ ಹಕ್ಕಿಯ ಗುಣದ ಪಟ್ಟಿಯೂ ಎಲ್ಲ ಕಡೆ ಹೊಂದುವುದಿಲ್ಲ. ಮಾಗಡಿಯ ಕಥೆಯ ತೊಡಕೂ ಇದೇ ಬಗೆಯದು.

ಕೆರೆಯ ಮಾತು ಬಂದಾಗ ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯದೆ ಮುಂದೆ ಹೋಗಲಾಗದು. ಹನ್ನೆರಡನೆಯ ಶತಮಾನದಲ್ಲಿ ಅವರು ಕಟ್ಟಿಸಿದ ಕೆರೆ ಇಂದಿನ ಸೊಲ್ಲಾಪುರದ ನಡುವೆ ಇಂದಿಗೂ ಇದೆ. ಆ ಕೆಲಸ ನಡೆಯುತ್ತಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಮಣ್ಣು ಅಗೆಯುವ ಒಡ್ಡನೆಂಬಂತೆ ಸಿದ್ಧರಾಮರ ಹೆಸರು ಹಿಡಿದು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯ ಓದುಗರಿಗೆ ತಿಳಿದದ್ದೇ. ಅಲ್ಲಮರ ಪ್ರಶ್ನೆ ಒಳಗಿನ ಅರಿವಿನದು. ಅದರ ವ್ಯಾಖ್ಯಾನಕ್ಕೆ ಇದು ಸ್ಥಳವಲ್ಲ. ಇಲ್ಲಿ ಹೇಳಬೇಕಾದುದು ಇಷ್ಟೇ: ಶರಣರ ಕಾಲದಲ್ಲಿ ಕೆರೆ ತೋಡುವವರ ದುಡಿಮೆ ಎಷ್ಟು ಕಣ್ಣಿಗೆ ಬೀಳುವಂಥದಾಗಿತ್ತೆಂದರೆ, ಅದು ಒಂದು ತತ್ತ್ವಸಂವಾದಕ್ಕೆ ಬಾಗಿಲಾಯಿತು.

ಇನ್ನು ಹಕ್ಕಿಗಳ ವಿಚಾರ. ಮಾಗಡಿಯ ಕೆರೆಯಲ್ಲಿ ಕಂಡುಬಂದಿರುವ ಹಕ್ಕಿಗಳು 166ಕ್ಕೂ ಹೆಚ್ಚು ಬಗೆಯವು. ಅವುಗಳಲ್ಲಿ 130 ವಲಸೆ ಬರುವಂಥವು. ಬಣ್ಣದ ಕೊಕ್ಕರೆ, ನೀರಿನಲ್ಲಿ ಮೈ ಮುಳುಗಿಸಿ ಕತ್ತನ್ನಷ್ಟೇ ಹಾವಿನಂತೆ ಎತ್ತುವ ಹಾವಕ್ಕಿ, ಕರಿತಲೆಯ ಕೆಂಬರಲು ಇವೆಲ್ಲ ಇಲ್ಲಿವೆ. ಅಳಿವಿನ ಭಯ ಹೆಚ್ಚಿರುವ ನದಿ ರೀವ, ಕಂದುಗೆಂಪು ತಲೆಯ ಚಳಿಗಾಲದ ಬಾತು ಕೂಡ ಈ ಕೆರೆಯ ಅತಿಥಿಗಳು. ಕಾವ್ಯದ ಚಕ್ರವಾಕವನ್ನು, ಅಂದರೆ ನಮ್ಮ ಹಳೆಯ ಕವಿಗಳ ‘ಜಕ್ಕವಕ್ಕಿ’ಯನ್ನು ನೋಡಬೇಕೆಂದರೂ ಚಳಿಗಾಲದಲ್ಲಿ ಇಲ್ಲಿಗೆ ಬರಬಹುದು, ಕೇಸರಿ ಮಿಶ್ರಿತ ಕಂದು ಮೈಯ ಆ ಬಾತು ಇರುಳು ಜೋಡಿಯಗಲುತ್ತದೆಂಬ ಮಾತು ಕವಿಸಮಯವಷ್ಟೇ. ಆದರೆ ಮಾಗಡಿಗೆ ಹೆಸರು ತಂದದ್ದು ಇವಾವುವೂ ಅಲ್ಲ. ಅದು ಪಟ್ಟೆತಲೆಯ ಹೆಬ್ಬಾತು. ಮೈ ಬೂದು, ತಲೆ ಬಿಳುಪು, ನೆತ್ತಿಯ ಹಿಂಬದಿಯಲ್ಲಿ ಅಡ್ಡಡ್ಡವಾಗಿ ಎರಡು ಕಪ್ಪು ಪಟ್ಟೆ. ದಕ್ಷಿಣ ಭಾರತದಲ್ಲಿ ಇವು ಚಳಿಗಾಲ ಕಳೆಯುವ ದೊಡ್ಡ ನೆಲೆಗಳಲ್ಲಿ ಈ ಪುಟ್ಟ ಕೆರೆ ಒಂದು. ಋತುವಿನಲ್ಲಿ ಸುಮಾರು 8,000 ಹೆಬ್ಬಾತುಗಳು ಬರುತ್ತವೆಂದು ರಾಮ್ಸಾರ್ ಘೋಷಣೆಯ ಸಂದರ್ಭದಲ್ಲಿ ಅಂದಾಜು ಕೊಡಲಾಯಿತು.

ಹೆಬ್ಬಾತು ಎಂದರೆ ಕೆಲವರಿಗೆ ಅಷ್ಟೇನೂ ಗೌರವ ಹುಟ್ಟಲಿಕ್ಕಿಲ್ಲ. ‘ಹಂಸ’ ಎಂದರೆ? ವಚನಗಳಲ್ಲೂ ಉಪನಿಷತ್ತುಗಳಲ್ಲೂ ಹಂಸವು ಪ್ರಾಣಕ್ಕೆ, ವಿವೇಕಕ್ಕೆ ಸಂಕೇತ. ಚಿತ್ರಪಟಗಳಲ್ಲಿ ನಾವು ಕಾಣುವ, ಉದ್ದ ಕೊರಳಿನ ಅಚ್ಚಬಿಳಿಯ ಹಕ್ಕಿ ನಮ್ಮ ನಾಡಿಗೆ ಸೇರಿದ್ದಲ್ಲ. ಅದು ಹೊರದೇಶದ ಚಿತ್ರಕಲೆಯ ಪ್ರಭಾವದಿಂದ ಬಂದ ರೂಪ. ನಮ್ಮ ಕವಿಗಳ ಹಂಸವು ಬಹುಮಟ್ಟಿಗೆ ಹೆಬ್ಬಾತೇ ಎಂಬುದನ್ನು ಡಚ್ ವಿದ್ವಾಂಸ ಫೋಗೆಲ್ 1962ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಸಾಹಿತ್ಯ, ಶಿಲ್ಪಗಳೆರಡರ ಆಧಾರದಿಂದ ವಿವರಿಸಿದನು. ಹೊಯ್ಸಳ ದೇವಾಲಯಗಳ ಜಗತಿಯ ಮೇಲಿನ ಹಂಸದ ಸಾಲನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಆ ಮೋಟು ಕೊರಳು, ದುಂಡು ಮೈ ಯಾವ ಹಕ್ಕಿಯದೆಂಬ ಸಂಶಯ ಉಳಿಯದು. ಭಾಷೆಯೂ ಇದನ್ನೇ ಹೇಳುತ್ತದೆ. ಪಟ್ಟೆತಲೆಯ ಹೆಬ್ಬಾತಿನ ಶಾಸ್ತ್ರೀಯ ಹೆಸರು ‘ಆನ್ಸರ್ ಇಂಡಿಕಸ್’. ಲ್ಯಾಟಿನ್ನಿನ ಆನ್ಸರ್, ಜರ್ಮನ್ನಿನ ಗಾನ್ಸ್, ಇಂಗ್ಲಿಷಿನ ಗೂಸ್, ಸಂಸ್ಕೃತದ ಹಂಸ ಇವೆಲ್ಲ ಒಂದೇ ಮೂಲಧಾತುವಿನ ಮಕ್ಕಳು. ಕನ್ನಡದಲ್ಲಿ ಹಂಸದ ತದ್ಭವ ‘ಅಂಚೆ’. ಟಪಾಲಿನ ಅಂಚೆಗೂ ಇದಕ್ಕೂ ನಂಟು ಹೇಳುವವರಿದ್ದಾರೆ, ಆ ಚರ್ಚೆ ಇನ್ನೊಮ್ಮೆ.

ಮಳೆಗಾಲ ಬಂತೆಂದರೆ ಹಂಸಗಳು ಮಾನಸಸರೋವರಕ್ಕೆ ಹಾರಿಹೋಗುತ್ತವೆ ಎಂಬುದು ಕವಿಸಮಯಗಳಲ್ಲೆಲ್ಲ ಪ್ರಸಿದ್ಧವಾದದ್ದು. ಕಾಳಿದಾಸನ ಮೇಘದೂತದ ಮೋಡಕ್ಕೂ ರಾಜಹಂಸಗಳೇ ಜೊತೆಗಾರರು. ಇದು ಬರಿಯ ಕಲ್ಪನೆಯಲ್ಲ. ಪಟ್ಟೆತಲೆಯ ಹೆಬ್ಬಾತುಗಳು ಮರಿ ಮಾಡುವುದು ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ, ಲಡಾಖಿನಲ್ಲಿ, ಮಂಗೋಲಿಯ ಮತ್ತು ಕಿರ್ಗಿಸ್ತಾನಗಳಲ್ಲಿ. ಕವಿಗಳ ಕಾಲಗಣನೆಯಲ್ಲಿ ಮಾತ್ರ ಸ್ವಲ್ಪ ತಪ್ಪಿದೆ. ಮಾಗಡಿಯ ಹೆಬ್ಬಾತುಗಳು ನವೆಂಬರಿನ ಹೊತ್ತಿಗೆ ಬಂದು ಮಾರ್ಚಿನ ಹೊತ್ತಿಗೆ ಹೊರಡುತ್ತವೆ. ಮೊದಲ ಮೋಡ ಕಾಣುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಕೆರೆ ಬರಿದಾಗಿರುತ್ತದೆ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿರುವುದರಿಂದ ಈ ಹಾದಿಯ ಎರಡು ತುದಿಗಳೂ ಈಗ ಪ್ರತ್ಯಕ್ಷ ಪ್ರಮಾಣಕ್ಕೆ ಸಿಕ್ಕಿವೆ.

ನಡುವೆ ಹಿಮಾಲಯವಿದೆ. ಎರಡು ಮೂರು ಕಿಲೋ ತೂಕದ ಹಕ್ಕಿ ಅದನ್ನು ದಾಟುವ ಬಗೆ ವಿಜ್ಞಾನಿಗಳಿಗೆ ಬಹುಕಾಲ ಸೋಜಿಗವಾಗಿತ್ತು. ಎವರೆಸ್ಟಿನ ಮೇಲೆಯೇ ಹಾರುತ್ತವೆಂಬ ಮಾತು ಜನಜನಿತ. ಹಕ್ಕಿಗಳಿಗೆ ಪುಟ್ಟ ಯಂತ್ರಗಳನ್ನು ಅಳವಡಿಸಿ ನಡೆಸಿದ, 2011ರಿಂದ 2015ರವರೆಗೆ ಪ್ರಕಟವಾದ ಅಧ್ಯಯನಗಳು ಬೇರೆ ಚಿತ್ರವನ್ನು ಕೊಟ್ಟವು. ಅವು ಅಳೆದ ಅತ್ಯುನ್ನತ ಹಾರಾಟ 7,290 ಮೀಟರು. ಹೆಚ್ಚಿನ ಹಾರಾಟ ನಡೆಯುವುದು 6,000 ಮೀಟರಿಗಿಂತ ಕೆಳಗೆ, ಕಣಿವೆ ಕಣಿವೆಗಳ ಮೇಲೆ. ಬೆಟ್ಟ ಏರಿದಂತೆ ಏರಿ, ಇಳಿದಂತೆ ಇಳಿದು ಹಾರುತ್ತವೆ. ಮೇಲೆಯೇ ಉಳಿದರೆ ತೆಳುಗಾಳಿಯಲ್ಲಿ ರೆಕ್ಕೆಗೆ ಶ್ರಮ ಹೆಚ್ಚು. ಬೆನ್ನಿಗೆ ಬೀಸುವ ಹಗಲಿನ ಗಾಳಿಗೆ ಕಾಯದೆ, ಗಾಳಿ ತಣ್ಣಗೆ ದಟ್ಟವಾಗಿರುವ ಇರುಳಿನಲ್ಲೋ ಬೆಳಗಿನ ಜಾವದಲ್ಲೋ ಹೊರಟು, ಏಳೆಂಟು ಗಂಟೆಯ ಒಂದೇ ಉಸಿರಿನಲ್ಲಿ ಏರು ದಾಟುವುದುಂಟು. ಅವುಗಳ ರಕ್ತದ ಹಿಮೋಗ್ಲೋಬಿನ್ನಿಗೆ ಕಡಿಮೆ ಆಮ್ಲಜನಕವನ್ನೂ ಬಿಗಿಯಾಗಿ ಹಿಡಿದುಕೊಳ್ಳುವ ಶಕ್ತಿಯಿದೆ. ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆಂದು ನಂಬಿದವರು ನಾವು. ತೆಳುಗಾಳಿಯಿಂದ ಪ್ರಾಣವಾಯುವನ್ನು ಬೇರ್ಪಡಿಸಿಕೊಳ್ಳುವ ಈ ಗುಣ ಆ ಕಥೆಗಿಂತ ಕಡಿಮೆಯದಲ್ಲ.

ಹೀಗೆ ಬಂದ ಹಕ್ಕಿ ಮಾಗಡಿಯಲ್ಲಿ ತಿನ್ನುವುದೇನು? ತೊಡಕು ಇರುವುದು ಇಲ್ಲಿ. ಕೊಕ್ಕರೆ ಮೀನು ತಿನ್ನುತ್ತದೆ, ಅದರಿಂದ ರೈತನಿಗೆ ನಷ್ಟವಿಲ್ಲ. ಹೆಬ್ಬಾತು ಹಸುವಿನಂತೆ ಮೇಯುವ ಹಕ್ಕಿ. ಹುಲ್ಲು, ಎಳೆಯ ಚಿಗುರು, ಕಾಳು ಅದರ ಆಹಾರ. ಹಗಲಿನ ಬಹುಭಾಗವನ್ನು ನಡುನೀರಿನಲ್ಲಿ ಗುಂಪಾಗಿ ಕಳೆಯುವ ಇವು ಮೇವಿಗೆ ಸುತ್ತಲಿನ ಹೊಲಗಳನ್ನೇ ಆಶ್ರಯಿಸಿವೆ. ಅವು ಬರುವ ಹೊತ್ತೋ ಹಿಂಗಾರಿಯ ಕಡಲೆ, ಜೋಳ ಎದ್ದು ನಿಂತ ಹೊತ್ತು. ಕೆರೆಯ ಏರಿಯ ಮೇಲೆ ನಸುಕಿನಲ್ಲಿ ನಿಂತವರಿಗೆ ಸಾಲುಸಾಲಾಗಿ ಕೊರಳು ಚಾಚಿ ಹೊರಡುವ ಹಕ್ಕಿಗಳ ಕೂಗು ಮೈ ಜುಮ್ಮೆನಿಸುತ್ತದೆ. ಆ ಸಾಲು ಇಳಿಯುವ ಹೊಲದ ಒಡೆಯನಿಗೆ ಅದೇ ಕೂಗು ಬೇರೆಯಾಗಿ ಕೇಳಿಸೀತು. ಪಕ್ಷಿಧಾಮಗಳನ್ನು ಕುರಿತು ಬರೆಯುವವರು ಹಳ್ಳಿಗರ ಔದಾರ್ಯವನ್ನು ಹೊಗಳಿ ಮುಂದೆ ಹೋಗುವುದು ವಾಡಿಕೆ. ಬಂದ ಹಕ್ಕಿಯನ್ನು ಹೊಡೆಯಬಾರದು, ಅದರ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ ಎಂಬ ಮಾತುಗಳನ್ನು ಇಂಥ ಊರುಗಳಲ್ಲಿ ನಾನೂ ಕೇಳಿದ್ದೇನೆ. ಆದರೆ ಎಕರೆ ಎರಡು ಎಕರೆಯವನ ಔದಾರ್ಯವನ್ನು ಹೊಗಳುವುದು ಸುಲಭ. ಅದರ ಬೆಲೆಯನ್ನು ಅವನೊಬ್ಬನೇ ತೆರುತ್ತಾನೆ. ಬಂದೂಕು, ಬಲೆ, ವಿಷದ ಕಾಳು ಯಾವುದೂ ರೈತನಿಗೆ ಎಟುಕದ ವಸ್ತುಗಳಲ್ಲ. ಹಾಗಿದ್ದೂ ವರ್ಷ ವರ್ಷ ಸಾವಿರಾರು ಹಕ್ಕಿ ಮರಳಿ ಬರುತ್ತಿವೆಯೆಂದರೆ, ಈ ಧಾಮದ ನಿಜವಾದ ಬೇಲಿ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಜನರ ಬಾಯಲ್ಲಿ ಇದು ಪಕ್ಷಿಧಾಮ. ಕಾನೂನಿನ ಮಾತಿನಲ್ಲಿ ‘ಸಂರಕ್ಷಣಾ ಮೀಸಲು’. ಇವೆರಡಕ್ಕೂ ಭೇದವಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಹುಟ್ಟಿದ ಈ ವರ್ಗವು ಸರ್ಕಾರಿ ಒಡೆತನದ ನೆಲಕ್ಕೆ ಅನ್ವಯಿಸುತ್ತದೆ, ಮತ್ತು ಸ್ಥಳೀಯ ಜನರೊಡನೆ ಸಮಾಲೋಚಿಸಿದ ಮೇಲೆಯೇ ಘೋಷಿಸಬೇಕಾದುದು. ಅದರ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯವರಲ್ಲದೆ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯ ಒಬ್ಬ ಪ್ರತಿನಿಧಿ, ಸ್ವಯಂಸೇವಾ ಸಂಸ್ಥೆಗಳ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳ ಒಬ್ಬೊಬ್ಬರು ಇರಬೇಕೆಂದು ಕಾಯ್ದೆ ಹೇಳುತ್ತದೆ. ಕೃಷಿ ಇಲಾಖೆಯವರಿಗೆ ಅಲ್ಲಿ ಏಕೆ ಸ್ಥಾನವೆಂದು ಕೇಳುವವರು ಹೆಬ್ಬಾತು ಇಳಿದ ಕಡಲೆ ಹೊಲವನ್ನು ಒಮ್ಮೆ ನೋಡಿ ಬರಬೇಕು. ಬೆಳೆಯ ನಷ್ಟದ ಮಾತು ಆ ಸಮಿತಿಯ ಮೊದಲ ವಿಷಯವಾಗಬೇಕೇ ಹೊರತು ಕೊನೆಯದಾಗಬಾರದು ಎಂಬುದು ನನ್ನ ಅಭಿಪ್ರಾಯ.

ರಾಮ್ಸಾರ್ ಎಂಬುದು ಇರಾನಿನ ಒಂದು ಊರು. 1971ರ ಫೆಬ್ರವರಿ 2ರಂದು ಜೌಗುನೆಲಗಳ ರಕ್ಷಣೆಗಾಗಿ ಅಲ್ಲಿ ಒಪ್ಪಂದವಾಯಿತು. ಭಾರತ 1982ರಲ್ಲಿ ಸೇರಿತು. ಕರ್ನಾಟಕದಿಂದ ಮೊದಲು ಆ ಪಟ್ಟಿಗೆ ಸೇರಿದ್ದು 2022ರಲ್ಲಿ ರಂಗನತಿಟ್ಟು. 2024ರಲ್ಲಿ ಮಾಗಡಿಯೊಡನೆ ಅಘನಾಶಿನಿಯ ಅಳಿವೆಯೂ, ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ಸೇರಿದವು. ಅಂಕಸಮುದ್ರವೂ ಹಳ್ಳಿಯ ನೀರಾವರಿ ಕೆರೆಯೇ, ಸುಮಾರು 98 ಹೆಕ್ಟೇರಿನದು. ಅಲ್ಲಿ ನೀರೊಳಗೇ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಸಹಸ್ರ ಸಹಸ್ರವಾಗಿ ಸೇರುತ್ತವೆ. ಎರಡೂ ಕೆರೆಗಳೇ ಆದರೂ ಬೇಡಿಕೆ ಬೇರೆ. ಕೊಕ್ಕರೆಗೆ ಮರ ಬೇಕು, ಗೂಡು ಬೇಕು. ಹೆಬ್ಬಾತಿಗೆ ಬೇಕಾದುದು ನಾಲ್ಕೂ ದಿಕ್ಕಿಗೆ ಕಣ್ಣು ಹಾಯುವ ಬಯಲು ನೀರು. ಗೂಡು ಅದು ಇಲ್ಲಿ ಕಟ್ಟುವುದೇ ಇಲ್ಲ. ಆದುದರಿಂದ ಒಂದು ಕೆರೆಯಲ್ಲಿ ಮರ ನೆಟ್ಟು ಹಕ್ಕಿ ಬಂದವೆಂದು ಇನ್ನೊಂದರ ಅಂಗಳದಲ್ಲೂ ಗಿಡ ತುಂಬುವುದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಟ್ಟ ಕೆಲಸವಾಗುತ್ತದೆ.

ಹೂಳಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಎರೆನೆಲದ ಹಳ್ಳಗಳು ಪ್ರತಿ ಮಳೆಯಲ್ಲೂ ಮಣ್ಣು ಹೊತ್ತು ತರುತ್ತವೆ. ತೆಗೆಯದೆ ಬಿಟ್ಟರೆ ಕೆರೆ ತಟ್ಟೆಯಾಗಿ, ಬರಗಾಲದಲ್ಲಿ ಚಳಿಗಾಲ ಮುಗಿಯುವ ಮೊದಲೇ ಒಣಗೀತು. ನೀರಿಲ್ಲದ ವರ್ಷ ಹೆಬ್ಬಾತು ತಂಗುವುದಿಲ್ಲ. ಹಾಗೆಂದು ಯಂತ್ರ ಇಳಿಸಿ ದಂಡೆಯನ್ನು ಗೋಡೆಯಂತೆ ಕಡಿದು ಆಳ ಮಾಡಿದರೆ ನೀರೇನೋ ಹೆಚ್ಚು ನಿಂತೀತು. ಆದರೆ ಮೊಣಕಾಲಿನ ನೀರಿನಲ್ಲಿ ಕೆಸರು ಕೆದಕಿ ಹುಳು ಹೆಕ್ಕುವ ಕೆಂಬರಲು, ಗೊರವ, ಉಲ್ಲಂಕಿಗಳಿಗೆ ಕಾಲೂರಲು ಎಡೆಯಿರದು. ಹಿಂದಿನವರು ಬೇಸಗೆಯಲ್ಲಿ ನೀರು ಇಳಿದಷ್ಟು ಇಳಿದಷ್ಟು ಹೂಳನ್ನು ಬಂಡಿಯಲ್ಲಿ ತುಂಬಿ ಹೊಲಕ್ಕೆ ಹಾಕುತ್ತಿದ್ದರು. ಕೆರೆಗೆ ಆಳ, ಹೊಲಕ್ಕೆ ಸತ್ವ. ಅಂಚಿನ ಇಳಿಜಾರು ಮಾತ್ರ ಇದ್ದಂತೆಯೇ ಉಳಿಯುತ್ತಿತ್ತು. ಅದು ಹಕ್ಕಿಗಾಗಿ ಮಾಡಿದ ಉಪಾಯವಲ್ಲ, ಬಂಡಿ ಇಳಿಯಲು ಇಳಿಜಾರು ಬೇಕಿತ್ತು ಅಷ್ಟೇ.

ಹೋಗಬಯಸುವವರು ಡಿಸೆಂಬರ್, ಜನವರಿಗಳಲ್ಲಿ ಸೂರ್ಯೋದಯಕ್ಕೆ ಮುನ್ನವೇ ಏರಿಯ ಮೇಲಿರುವುದು ಒಳ್ಳೆಯದು. ಕೆಂಪು, ಬಿಳಿ ಬಟ್ಟೆ ಬೇಡ. ನೀರಿನ ಅಂಚಿಗೆ ಇಳಿಯುವುದೂ ಕೂಗುವುದೂ ಬೇಡ. ಚಿತ್ರ ತೆಗೆಯುವ ಆಸೆಗೆ ಗುಂಪನ್ನು ಒಮ್ಮೆ ಎಬ್ಬಿಸಿದರೆ ಮರಳುವ ಹಾದಿಗೆಂದು ಅವು ಕೂಡಿಡುತ್ತಿರುವ ಕೊಬ್ಬು ಅಷ್ಟು ಕರಗಿತೆಂದೇ ತಿಳಿಯಬೇಕು. ಕಾಲುದಾರಿಯಲ್ಲಿ ಕಡಲೆ ಹೊಲವೊಂದು ಸಿಕ್ಕರೆ, ಅದರ ಅಂಚಿನಲ್ಲಿ ಅಂಗೈಯಗಲದ ಮೂರು ಬೆರಳಿನ ಹೆಜ್ಜೆಗಳನ್ನೂ ಮೊಟಕಾದ ಗಿಡಗಳನ್ನೂ ನೋಡಲು ಮರೆಯಬೇಡಿ. ಹೊಲದವರು ಅಲ್ಲಿಯೇ ಇದ್ದರೆ ಈ ವರ್ಷ ಎಷ್ಟು ಹೋಯಿತೆಂದು ಕೇಳಿ.